ಸಣ್ಣ ಭಾಷೆಗಳ ಪರ 11 ಲಕ್ಷ ಸಹಿ ಬಂದರೂ ಬ್ರಸೆಲ್ಸ್ ಕಾನೂನು ಮಾಡಲಿಲ್ಲ. ಮಾಡಲೇಬೇಕಿತ್ತಾ?

ಪರ: ಕೇಳಿ ಅಂದವರೇ ಕಿವಿ ಮುಚ್ಚಿಕೊಂಡರೆ?

ಯುರೋಪಿಯನ್ ಒಕ್ಕೂಟದಲ್ಲಿ ಒಂದು ನಿಯಮ ಇದೆ. 12 ತಿಂಗಳೊಳಗೆ ಕನಿಷ್ಠ 7 ದೇಶಗಳಿಂದ ಒಟ್ಟು 10 ಲಕ್ಷ ಸಹಿ ತಂದರೆ, ಇಂಥದ್ದೊಂದು ಕಾನೂನು ಬೇಕು ಅಂತ ಜನರೇ ನೇರವಾಗಿ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಕಮಿಷನ್ (ಒಕ್ಕೂಟದ ಕಾನೂನಿನ ಕರಡು ಮಂಡಿಸೋದು ಇದೇ) ಮುಂದೆ ಹೋಗಿ ಕೇಳಬಹುದು. 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಚೆನ್ನಾಗಿದೆ ಅಲ್ವಾ? ಹಾಗೆ ಕೇಳಲು ಹೋದವರ ಪಾಡು ನೋಡಿ.

ಫ್ಯುಯೆನ್ ಅಂತ ಯುರೋಪಿನ ಅಲ್ಪಸಂಖ್ಯಾತ ಸಮುದಾಯಗಳ ಒಂದು ಹಳೇ ಸಂಘಟನೆ ಇದೆ, 1949ರದ್ದು. ಅದು 'ಮೈನಾರಿಟಿ ಸೇಫ್‌ಪ್ಯಾಕ್' ಅನ್ನೋ ಹೆಸರಲ್ಲಿ 11 ಬೇಡಿಕೆ ಹಿಡಿದು 2013ರಲ್ಲಿ ಬ್ರಸೆಲ್ಸ್ ಬಾಗಿಲು ತಟ್ಟಿತು. ಭೂಮಿ ಆಕಾಶ ಒಂದು ಮಾಡುವಂಥ ಬೇಡಿಕೆಗಳೇನಲ್ಲ. ಸಣ್ಣ ಭಾಷೆಗಳಿಗೆ ಅಂತಲೇ ಒಂದು ಕೇಂದ್ರ, ಅನುದಾನದಲ್ಲಿ ಅವಕ್ಕೂ ಸುಲಭವಾಗಿ ಸಿಗುವ ಪಾಲು, ಗಡಿಯಾಚೆಯ ಟಿವಿ ನೋಡುವ ಅವಕಾಶ, ಇಂಥವು. ಟಿವಿ ವಿಷಯ ತೀರಾ ಚಿಲ್ಲರೆ ಅನ್ನಿಸಬಹುದು. ಆದರೆ ಸ್ಲೊವಾಕಿಯಾದ ದಕ್ಷಿಣ ಅಂಚಿನಲ್ಲಿ ಹಂಗೇರಿಯನ್ ಮಾತಾಡುವ ಒಂದು ಮನೆ ಕಲ್ಪಿಸಿಕೊಳ್ಳಿ. ಹೊಳೆ ದಾಟಿದರೆ ಹಂಗೇರಿ. ಮಗು ತನ್ನ ಭಾಷೆಯ ಕಾರ್ಟೂನ್ ನೋಡೋಣ ಅಂತ ಒತ್ತುತ್ತದೆ, 'ಈ ವಿಡಿಯೋ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅಂತ ಪರದೆ ಹೇಳುತ್ತದೆ. ಟೊಮೇಟೊ ಲಾರಿ ಆರಾಮಾಗಿ ದಾಟುವ ಗಡಿಯನ್ನು ಕಾರ್ಟೂನ್ ದಾಟಲ್ಲ.

ಕಮಿಷನ್ ಮೊದಲು ಅರ್ಜಿಯನ್ನು ನೋಂದಣಿ ಮಾಡಿಕೊಳ್ಳಲೇ ಇಲ್ಲ. ಇವರು ಒಕ್ಕೂಟದ ಕೋರ್ಟಿಗೆ ಹೋದರು, 2017ರ ಫೆಬ್ರವರಿಯಲ್ಲಿ ಗೆದ್ದರು. ಯಾಕೆ ಬೇಡ ಅನ್ನೋದಕ್ಕೆ ಸರಿಯಾದ ಕಾರಣವನ್ನೇ ಕೊಟ್ಟಿಲ್ಲ ಅಂತ ಕೋರ್ಟು ಹೇಳಿತು. ಆಮೇಲೆ 9 ಬೇಡಿಕೆಗಳು ನೋಂದಣಿಯಾದವು, ಒಂದು ವರ್ಷ ಸಹಿ ಸಂಗ್ರಹ ನಡೆಯಿತು. ಇದು ಫೋನಿನಲ್ಲಿ ಲೈಕ್ ಒತ್ತಿದ ಹಾಗಲ್ಲ. ಹೆಸರು, ವಿಳಾಸ, ಹಲವು ದೇಶಗಳಲ್ಲಿ ಗುರುತಿನ ಚೀಟಿಯ ನಂಬರು ಕೂಡ ಬರೆಯಬೇಕು, ಆಮೇಲೆ ಆಯಾ ದೇಶದ ಅಧಿಕಾರಿಗಳು ಅದನ್ನು ಪರಿಶೀಲಿಸುತ್ತಾರೆ. ಹಾಗೆ ಜರಡಿ ಹಿಡಿದು ಉಳಿದ ಸಹಿಗಳೇ 11,23,422.

2020ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ 524 ಮತಗಳಿಂದ ಇದನ್ನು ಬೆಂಬಲಿಸಿತು. ವಿರೋಧ ಬಿದ್ದದ್ದು ಬರೀ 67. ತಿಂಗಳು ತುಂಬಲಿಲ್ಲ, ಹೊಸ ಕಾನೂನು ಬೇಡ, ಇರುವುದೇ ಸಾಕು ಅಂತ ಕಮಿಷನ್ ಕೈ ತೊಳೆದುಕೊಂಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನೋದು ಇದಕ್ಕೇ.

ನಿಮ್ಮ ನಿಮ್ಮ ಸರ್ಕಾರವನ್ನೇ ಕೇಳಿಕೊಳ್ಳಿ ಅನ್ನುವವರಿದ್ದಾರೆ. ಫ್ರಾನ್ಸಿನ ಬ್ರೆಟನ್ ಜನ ಕೇಳಿ ನೋಡಿದರು. 2021ರ ಏಪ್ರಿಲ್‌ನಲ್ಲಿ ಸಂಸತ್ತು ಪ್ರಾದೇಶಿಕ ಭಾಷೆಗಳ ಪರ ಕಾನೂನು ಪಾಸು ಮಾಡಿತು. ಮೇ 21ಕ್ಕೆ ಅಲ್ಲಿನ ಸಾಂವಿಧಾನಿಕ ಮಂಡಳಿ ಅದರ ಜೀವವನ್ನೇ ತೆಗೆಯಿತು. ಪಾಠವನ್ನೆಲ್ಲ ಆ ಭಾಷೆಯಲ್ಲೇ ಮಾಡುವುದು ಸಂವಿಧಾನಕ್ಕೆ ವಿರುದ್ಧವಂತೆ, ಜನನ ನೋಂದಣಿಯಲ್ಲಿ ಆ ಭಾಷೆಯ ಚಿಹ್ನೆ ಬರೆಯುವುದೂ ವಿರುದ್ಧವಂತೆ. ಬ್ರೆಟನ್‌ನಲ್ಲಿ ಎನ್ ಅಕ್ಷರದ ನೆತ್ತಿಯ ಮೇಲೆ ಒಂದು ಡೊಂಕು ಗೆರೆ ಬರುತ್ತದೆ, ನಮ್ಮ ತಲೆಕಟ್ಟಿನಷ್ಟೇ ಇರುತ್ತದೆ. ಮಗುವಿನ ಹೆಸರಲ್ಲಿ ಆ ಗೆರೆ ಉಳಿಸಿಕೊಳ್ಳೋಕೆ ಅಪ್ಪ ಅಮ್ಮ ಕೋರ್ಟು ಅಲೆದಿದ್ದಾರೆ. ಇಂಥವರು ದೊಡ್ಡಮನೆಗೆ ದೂರು ಒಯ್ಯದೆ ಇನ್ನೆಲ್ಲಿಗೆ ಒಯ್ಯಬೇಕು?

ನಾನು ಕೇಳೋದು ಇಷ್ಟೇ. ಸಹಿಯೂ ಇದೆ, ಪಾರ್ಲಿಮೆಂಟಿನ ಬಹುಮತವೂ ಇದೆ ಅಂದಮೇಲೆ ಕಮಿಷನ್ ಒಂದು ಕರಡನ್ನು ಮಂಡಿಸಲೇಬೇಕು. ಪಾಸಾಗುತ್ತೋ ಬಿಡುತ್ತೋ, ಅದು ಆಮೇಲಿನ ಮಾತು. ಎಲ್ಲ ದೇಶಗಳ ಮಂತ್ರಿಗಳು ಕೂತು ತಿರಸ್ಕರಿಸಲಿ ಬೇಕಾದರೆ, ಯಾವ ದೇಶ ಬೇಡ ಅಂತ ಕೈ ಎತ್ತಿತು ಅಂತಾದರೂ ಗೊತ್ತಾಗುತ್ತೆ. ಈಗ ಅದೂ ಗೊತ್ತಾಗಲ್ಲ.

ವಿರೋಧ: ಸಹಿ ಜಾಸ್ತಿ ಇದ್ದವರು ಸಣ್ಣವರಲ್ಲ

ಈ ಸಿಟ್ಟು ನನಗೂ ಅರ್ಥವಾಗುತ್ತದೆ. 2013ರಲ್ಲಿ ಕಾರಣ ಹೇಳದೆ ಬಾಗಿಲು ಹಾಕಿದ್ದು ತಪ್ಪೇ. ಆದರೆ 'ಮಂಡಿಸಲೇಬೇಕು' ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ.

ಸಹಿ ಯಾರದ್ದು ಅಂತ ಮೊದಲು ನೋಡೋಣ. ಅರ್ಧಕ್ಕಿಂತ ಜಾಸ್ತಿ ಬಂದದ್ದು ಹಂಗೇರಿ, ರೊಮೇನಿಯಾ ಎರಡರಿಂದಲೇ. ಹಂಗೇರಿಯಲ್ಲಿ ಹಂಗೇರಿಯನ್ ಸಣ್ಣ ಭಾಷೆಯಲ್ಲವಲ್ಲ, ಅದು ಗಡಿಯಾಚೆ ಉಳಿದ ತಮ್ಮವರಿಗಾಗಿ ಹಾಕಿದ ಸಹಿ. ತಪ್ಪೇನಿಲ್ಲ. ಆದರೆ ಕೋರ್ಟಿನಲ್ಲಿ ಹಂಗೇರಿ ಸರ್ಕಾರ ಸಂಘಟಕರ ಪಕ್ಕ ನಿಂತಿತು, ರೊಮೇನಿಯಾ ಮತ್ತು ಸ್ಲೊವಾಕಿಯಾ ಕಮಿಷನ್ ಪಕ್ಕ ನಿಂತವು, ಅಷ್ಟು ಸಾಲದು ಅಂತ ರೊಮೇನಿಯಾ ಆ ನೋಂದಣಿಯನ್ನೇ ರದ್ದು ಮಾಡಿ ಅಂತ ಬೇರೆ ಕೇಸು ಹಾಕಿ 2019ರಲ್ಲಿ ಸೋತಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಎಳೆದ ಗಡಿಯ ಜಗಳ ಇದು. ಭಾಷೆಯ ಹೆಸರಲ್ಲಿ ಇನ್ನೂ ನಡೆಯುತ್ತಿದೆ.

ಇನ್ನು ನಿಜಕ್ಕೂ ಸಣ್ಣ ಭಾಷೆಗಳು. ಲಾಟ್ವಿಯಾದ ಕರಾವಳಿಯಲ್ಲಿ ಲಿವೋನಿಯನ್ ಅಂತ ಒಂದು ನುಡಿ. ಅದನ್ನು ತಾಯಿನುಡಿಯಾಗಿ ಕಲಿತ ಕೊನೆಯ ಅಜ್ಜಿ ತೀರಿಕೊಂಡದ್ದು 2013ರಲ್ಲಿ, ಅದೂ ದೂರದ ಕೆನಡಾದಲ್ಲಿ. ಅಂಥ ಭಾಷೆಗೆ 10 ಲಕ್ಷ ಸಹಿ ಎಲ್ಲಿಂದ ಬರಬೇಕು? ಸಹಿಯ ಲೆಕ್ಕಕ್ಕೆ ಕಾನೂನು ಮಾಡಲು ಹೊರಟರೆ ಸಂಘಟನೆ, ದುಡ್ಡು, ಬೆನ್ನಿಗೊಂದು ಸರ್ಕಾರ ಇರುವವರೇ ಪ್ರತಿ ಸಲ ಸಾಲಿನ ಮುಂದೆ ನಿಲ್ಲುತ್ತಾರೆ.

ಮಂಡಿಸಿದರೆ ಯಾರು ಕೈ ಎತ್ತಿದರು ಅಂತ ಗೊತ್ತಾಗುತ್ತೆ ಅಂದಿರಿ. ಸುಮ್ನೆ ಆಸೆ. ಕ್ಯಾಟಲನ್, ಬಾಸ್ಕ್, ಗ್ಯಾಲಿಷಿಯನ್ ಭಾಷೆಗಳನ್ನು ಒಕ್ಕೂಟದ ಅಧಿಕೃತ ಭಾಷೆ ಮಾಡಿ ಅಂತ ಸ್ಪೇನ್ 2023ರ ಆಗಸ್ಟ್‌ನಲ್ಲಿ ಕೇಳಿತು. ಕೇಳಿದ್ದು ಒಂದು ದೇಶ, ಖರ್ಚು ತಾನೇ ಕೊಡ್ತೀನಿ ಅಂತಲೂ ಹೇಳಿತು. 27 ದೇಶಗಳೂ ಒಪ್ಪಬೇಕಿತ್ತು. 2025ರ ಮೇ ತಿಂಗಳಲ್ಲೂ ಮತಕ್ಕೆ ಹಾಕದೆ ಮುಂದೂಡಿದರು. ಯಾರೂ ಕೈ ಎತ್ತಲೇ ಇಲ್ಲ, ಇಳಿಸಲೂ ಇಲ್ಲ.

ಬ್ರೆಟನ್ ಉದಾಹರಣೆಯಂತೂ ನನ್ನ ವಾದಕ್ಕೇ ಒದಗುತ್ತದೆ. ಶಾಲೆಯಲ್ಲಿ ಏನು ಕಲಿಸಬೇಕು ಅನ್ನೋದು ಆಯಾ ದೇಶದ ಜವಾಬ್ದಾರಿ ಅಂತ ಒಕ್ಕೂಟದ ಒಪ್ಪಂದದಲ್ಲೇ ಬರೆದಿದೆ. ಆ 9 ಬೇಡಿಕೆಗಳೂ ಪಾಸಾಗಿದ್ದರೂ ಪ್ಯಾರಿಸ್ಸಿನ ತೀರ್ಪು ಕದಲುತ್ತಿರಲಿಲ್ಲ. ಕಮಿಷನ್ ಕಾನೂನು ಬೇಡ ಅಂದದ್ದನ್ನು ಸಂಘಟಕರು ಪ್ರಶ್ನಿಸಿದಾಗ ಒಕ್ಕೂಟದ ಕೋರ್ಟು ಕೂಡ 2022ರಲ್ಲಿ ಒಮ್ಮೆ, 2025ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಕಮಿಷನ್ ಪರವಾಗಿಯೇ ತೀರ್ಪು ಕೊಟ್ಟಿತು.

ಸರಿ, ಬ್ರಸೆಲ್ಸ್ ಮನಸ್ಸು ಮಾಡಿದ ಕಡೆ ಏನಾಯಿತು? ಐರಿಷ್ ನೋಡಿ. 2007ರಲ್ಲಿ ಅಧಿಕೃತ ಭಾಷೆಯಾಯಿತು. ಅನುವಾದಕರೇ ಸಿಗದೆ 2021ರ ಕೊನೆಯವರೆಗೂ ಬಹುಪಾಲು ಕಾಗದಪತ್ರ ಆ ಭಾಷೆಗೆ ಬರಲೇ ಇಲ್ಲ. ಅತ್ತ ಐರ್ಲೆಂಡಿನಲ್ಲಿ, ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡುವವರು 2011ರ ಜನಗಣತಿಯಲ್ಲಿ 77,185 ಇದ್ದರು, 2022ರಲ್ಲಿ 71,968. ಇದು ಬ್ರಸೆಲ್ಸಿನ ತಪ್ಪಲ್ಲ. ಬ್ರಸೆಲ್ಸಿನ ಕೈಗೆ ಸಿಗುವ ಕೆಲಸವೇ ಅಲ್ಲ ಅದು.

ಅದು ಯಾರ ಕೆಲಸ ಅಂತ ಬ್ರೆಟನ್ ಜನರಿಗೆ ಗೊತ್ತಿತ್ತು. 1977ರಲ್ಲಿ 5 ಮಕ್ಕಳನ್ನು ಕೂರಿಸಿಕೊಂಡು ದಿವಾನ್ ಅನ್ನೋ ಹೆಸರಲ್ಲಿ ಬ್ರೆಟನ್ ಭಾಷೆಯದೇ ಒಂದು ಶಿಶುವಿಹಾರ ಶುರುಮಾಡಿದರು. ಈಗ ಅಲ್ಲಿಂದ ನಮ್ಮ ಪಿಯುಸಿ ಮಟ್ಟದವರೆಗೂ ದಿವಾನ್ ಶಾಲೆಗಳಿವೆ. 2021ರ ತೀರ್ಪಿನ ಮೇಲೂ ಅವು ಬಾಗಿಲು ಹಾಕಿಲ್ಲ.

ಕಾರ್ಟೂನಿನ ಮಾತು ಮಾತ್ರ ಒಪ್ಪುತ್ತೇನೆ. ಅಲ್ಲಿ ಅಪ್ಪ ಅಮ್ಮ ಏನೂ ಮಾಡೋಕಾಗಲ್ಲ, ಮೇಷ್ಟ್ರೂ ಏನೂ ಮಾಡೋಕಾಗಲ್ಲ. ಗಡಿ ದಾಟುವ ವ್ಯಾಪಾರದ ಗಂಟು ಅದು, ಬ್ರಸೆಲ್ಸೇ ಬಿಚ್ಚಬೇಕು. 11 ಬೇಡಿಕೆಯ ಮೂಟೆ ಹೊತ್ತುಕೊಂಡು ಹೋಗುವ ಬದಲು ಅದೊಂದನ್ನೇ ಹಿಡಿದು ಹೋಗಿದ್ದರೆ ನಾನೂ ಸಹಿ ಹಾಕಿ ಅಂತಿದ್ದೆ.