ದಬ್ಬಣದಲ್ಲಿ ಹೊಲಿದ ಪತ್ರಿಕೆ

ಬಳ್ಳಾರಿಯಲ್ಲಿ ಯಾರಿಗಾದರೂ ‘ನಾನು ಝೀನ್ ಮಾಡ್ತೀನಿ’ ಅಂದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಮಷಿನ್ ಹಾಕಿದ್ದೀರಿ?’ ಜೀನ್ಸ್ ಯುನಿಟ್ ಅಂದುಕೊಳ್ಳುತ್ತಾರೆ. ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಊರು, ಹಾಗೆ ಕೇಳುವುದು ಸಹಜವೇ. ಝೀನ್ ಅಂದರೆ ನಾವೇ ಬರೆದು, ಝೆರಾಕ್ಸ್ ಮಾಡಿಸಿ, ನಾವೇ ಹೊಲಿದು ಮಾರುವ ಪುಟ್ಟ ಪತ್ರಿಕೆ. ನಮ್ಮದು ದಿನಾ ಕೈಗೆ ಸಿಗುವ ವಸ್ತುಗಳ ಬಗ್ಗೆ. ಒಂದು ಸಂಚಿಕೆಗೆ ಒಂದೇ ವಸ್ತು. 16 ಪುಟ, 20 ರೂಪಾಯಿ, 200 ಪ್ರತಿ.

ಮೊದಲ ಸಂಚಿಕೆ ಜೀನ್ಸ್ ಬಟ್ಟೆಯ ಮೇಲೇ. ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ, ಅದಕ್ಕೇ ಪ್ಯಾಂಟಿನ ಒಳಗಡೆ ಬೆಳ್ಳಗೆ ಕಾಣುತ್ತದೆ. ಇಂಡಿಗೊ ಬಣ್ಣ ನೂಲಿನ ಒಳಕ್ಕೆ ಪೂರ್ತಿ ಇಳಿಯುವುದಿಲ್ಲ, ಮೇಲೇ ಕೂತಿರುತ್ತದೆ, ಅದಕ್ಕೇ ಒಗೆದಂತೆಲ್ಲ ಮಾಸುತ್ತದೆ. ಇಷ್ಟೆಲ್ಲ ಬರೆದು, ಕೊನೆಗೆ ‘ಕಟಿಂಗ್ ಆದ ಮೇಲೆ ಉಳಿದ ತುಂಡುಗಳು ಕಸಕ್ಕೆ ಹೋಗುತ್ತವೆ’ ಅಂತ ಒಂದು ಸಾಲು ಹಾಕಿದ್ದೆ.

ಪತ್ರಿಕೆಯನ್ನು ಯುನಿಟ್‌ಗಳ ಪಕ್ಕದ ಚಹಾ ಅಂಗಡಿಯಲ್ಲಿ ಇಟ್ಟಿದ್ದೆವು. ನಾಲ್ಕನೇ ದಿನ ಅಲ್ಲಿ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿದರು. ಗುಂಡಿ ಹಚ್ಚುವ ಕೆಲಸದವರು. ಆ ಸಾಲಿನ ಮೇಲೆ ಬೆರಳಿಟ್ಟು, ‘ತಮ್ಮಾ, ಕಸಕ್ಕೆ ಹೋಗ್ತಾವಂತ ಯಾರು ಹೇಳಿದ್ರು ನಿನಗೆ?’ ಅಂದರು. ಸಣ್ಣ ಚೂರು ಗ್ಯಾರೇಜಿಗೆ ಹೋಗುತ್ತವೆ, ಗ್ರೀಸ್ ಒರೆಸಲು. ಅಂಗೈಯಷ್ಟು ದೊಡ್ಡವು ಮನೆಗೆ ಬರುತ್ತವೆ, ಕೌದಿಗೆ. ಅದೂ ನಡುವೆ ಹಾಕುವುದಿಲ್ಲ. ದಪ್ಪ ಬಟ್ಟೆ, ಸೂಜಿ ಮುರಿಯುತ್ತದೆ, ಮಲಗಿದರೆ ಒತ್ತುತ್ತದೆ. ಬೇಗ ಸವೆಯುವುದು ಅಂಚು ತಾನೇ, ಅಲ್ಲಿಗೆ ಮಾತ್ರ ಜೀನ್ಸ್.

ನಾಚಿಕೆಯಾಯಿತು. ಖುಷಿಯೂ ಆಯಿತು. ಎರಡನೇ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದೆವು. ಮೂರನೆಯದು ಪೂರ್ತಿ ಕೌದಿಯ ಮೇಲೆ ಬಂತು. ಪತ್ರಿಕೆ ಹೊಲಿಯಲು ಕಲಿಸಿದವರೂ ಆ ಅಕ್ಕನೇ. ಸ್ಟೇಪ್ಲರ್ ಪುಟದ ನಡುಮಧ್ಯಕ್ಕೆ ಎಟಕುತ್ತಿರಲಿಲ್ಲ. ‘ದಬ್ಬಣ ತಗೋ’ ಅಂದರು. ಮಡಿಕೆಯ ಮೇಲೆ ಮೂರು ತೂತು. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಒಳಗೆ, ಕೆಳಗಿನದರಲ್ಲಿ ಹೊರಗೆ, ತಿರುಗಿ ನಡುವಿಗೆ ಬಂದು ಗಂಟು. ದಾರ ಜೀನ್ಸಿನದೇ, ಆ ಹಳದಿ ಬಣ್ಣದ್ದು. ಈಗ ಭಾನುವಾರ ನಾವು ಮೂವರು ಕೂತರೆ ಮಧ್ಯಾಹ್ನದೊಳಗೆ 200 ಪ್ರತಿ ಮುಗಿಯುತ್ತವೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಈಚೆಗೆ ತುಂಬ ಜನ ಪ್ರೀತಿಯಿಂದಲೇ ಒಂದು ಸಲಹೆ ಕೊಡುತ್ತಿದ್ದಾರೆ. ಒಳ್ಳೆ ಹೊಳಪು ಕಾಗದ ಹಾಕಿ, 150 ರೂಪಾಯಿ ಮಾಡಿ, ಬೆಂಗಳೂರಿನಲ್ಲಿ ಮಾರಿ, ಅಲ್ಲಿ ಇಂಥದ್ದಕ್ಕೆ ಜನ ಇದ್ದಾರೆ. ಖರ್ಚು ಕೊಡಲು ಮುಂದೆ ಬಂದವರೂ ಇದ್ದಾರೆ. ನನಗೆ ಬೇಡ. ಬೆಂಗಳೂರಿನವರು ಓದಬಾರದು ಅಂತಲ್ಲ, ಖಂಡಿತ ಓದಲಿ. ಆದರೆ 150 ರೂಪಾಯಿ ಆದ ದಿನ ಆ ಅಕ್ಕ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಆಮೇಲೆ ನಾನು ಕೌದಿ ಬಗ್ಗೆ ಏನು ತಪ್ಪು ಬರೆದರೂ ನಡೆಯುತ್ತದೆ, ಅಲ್ವಾ? ಬೆರಳಿಟ್ಟು ಕೇಳುವವರೇ ಇರುವುದಿಲ್ಲ. ಇನ್ನೊಬ್ಬರು ದಬ್ಬಣ, ಕುಳ್ಳು ಇಂಥ ಮಾತಿಗೆಲ್ಲ ಅರ್ಥ ಕೊಡಿ ಅಂದರು. ನಮ್ಮ ಓದುಗರಿಗೆ ಅದು ಬೇಕಿಲ್ಲ.

ಸಗಣಿ ಸಂಚಿಕೆಗೆ ಕೆಲವರು ಮುಖ ಸಿಂಡರಿಸಿದರು. ಕುಡತಿನಿ ಹತ್ತಿರದ ಬೂದಿದಿಬ್ಬ ನೋಡಿದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಹೊಸಶಿಲಾಯುಗದ ದನಗಾಹಿ ಜನ ರಾಶಿ ಹಾಕಿದ ಸಗಣಿ, ಮತ್ತೆ ಮತ್ತೆ ಸುಟ್ಟು, ಗುಡ್ಡದ ಹಾಗೆ ಬೆಳೆದದ್ದು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಹಂಪಿ ಪಕ್ಕದ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ನಾವು ಎರಡನ್ನೂ ಎದುರುಬದುರು ಪುಟದಲ್ಲಿ ಹಾಕಿದೆವು, ಜೊತೆಗೆ ಕುಳ್ಳು ತಟ್ಟಿದ ಗೋಡೆಯ ಒಂದು ಚಿತ್ರ. ಕುಳ್ಳಿನ ಮೇಲೆ ಐದು ಬೆರಳಿನ ಗುರುತು ಹಾಗೇ ಇತ್ತು. ಕಲೆ ಅಂತ ನಾನು ಕರೆಯುವುದು ಇದನ್ನೂ ಸೇರಿಸಿಯೇ.

‘ಬಳ್ಳಾರಿಯಲ್ಲಿ ಇದನ್ನೆಲ್ಲ ಯಾರು ಓದ್ತಾರೆ’ ಅನ್ನುವವರಿಗೆ ಒಂದು ಮಾತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಶುರು ಮಾಡಿದರು. ಬರೀ ನಾಲ್ಕು ಪುಟ. ಮರುವರ್ಷ ಅದು ‘ಕನ್ನಡ ಸಮಾಚಾರ’ ಅನ್ನುವ ಹೆಸರಿನಲ್ಲಿ ಹೊರಬಂದದ್ದು ಬಳ್ಳಾರಿಯಿಂದ. ಸಣ್ಣ ಪತ್ರಿಕೆ ಈ ಊರಿಗೆ ಹೊಸದಲ್ಲ.

ಮುಂದಿನ ಸಂಚಿಕೆ ಗೋಣಿಚೀಲ. ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು, ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಚೀಲ ಎತ್ತುವಾಗ ಕೊಕ್ಕೆಯನ್ನು ಎಲ್ಲಿಗೆ ಹಾಕುತ್ತೀರಿ, ಮೆಣಸಿನಕಾಯಿ ಚೀಲಕ್ಕೂ ಭತ್ತದ ಚೀಲಕ್ಕೂ ಬೆನ್ನು ಕೊಡುವ ರೀತಿ ಬೇರೆಯಾ? ಒಬ್ಬರು ಬೇರೆ ಅಂದರು, ಇನ್ನೊಬ್ಬರು ಒಂದೇ ಅಂದರು. ಅಚ್ಚಿಗೆ ಕೊಡುವ ಮೊದಲು ಸರಿಯಾಗಿ ತಿಳಿಯಬೇಕು.