ಇಪ್ಪತ್ತೈದರಲ್ಲಿ ಮೂರನೆಯದು

ಚಿತ್ರ ಮಾಡಲು ಬಣ್ಣ, ಹಾಳೆ, ಒಂದಿಷ್ಟು ಪುರುಸೊತ್ತು ಇದ್ದರೆ ಸಾಕು. ಅದನ್ನು ನಾಲ್ಕು ಜನ ನೋಡುವ ಗ್ಯಾಲರಿ ಗೋಡೆಗೆ ಹಾಕಬೇಕು ಅಂದರೆ ಮಾತ್ರ ಪ್ರಪೋಸಲ್ ಬರೆಯಬೇಕು. ನಮ್ಮ ಶಿರಸಿ ಕಡೆ ಗೋಡೆಗೆ ಚಿತ್ರ ಹಾಕಲು ಒಂದು ಮೊಳೆ ಬೇಕು, ಮತ್ತೆ ಮನೆಯವರ ಒಪ್ಪಿಗೆ ಬೇಕು. ಎರಡನೆಯದು ಸಿಗುವುದು ಕಷ್ಟ, ಆದರೆ ಅದಕ್ಕೆ ಮುನ್ನೂರು ಪದಗಳ ಕಾನ್ಸೆಪ್ಟ್ ನೋಟ್ ಯಾರೂ ಕೇಳುವುದಿಲ್ಲ.

ಗ್ಯಾಲರಿಯವರು ಕೇಳುತ್ತಾರೆ. ಕಾನ್ಸೆಪ್ಟ್ ನೋಟ್ ಆದ ಮೇಲೆ ಆರ್ಟಿಸ್ಟ್ ಸ್ಟೇಟ್‌ಮೆಂಟ್, ಅದು ಇನ್ನೂ ಚಿಕ್ಕದಿರಬೇಕು. ಆಮೇಲೆ ಬಯೋ. ಹತ್ತು ಚಿತ್ರಗಳ ಫೋಟೊ. ಪ್ರತಿಯೊಂದರ ಅಳತೆ, ಮೊದಲು ಎತ್ತರ ಆಮೇಲೆ ಅಗಲ. ಮಾಧ್ಯಮ, ವರ್ಷ, ಬೆಲೆ. ಫೋಟೊ ಚೆನ್ನಾಗಿ ಕಾಣಬೇಕು, ಆದರೆ ಫೈಲ್ ದೊಡ್ಡದಿರಬಾರದು. ಫೈಲಿಗೆ ಹೆಸರು ಕೊಡುವುದಕ್ಕೂ ಒಂದು ಕ್ರಮ ಇದೆ, ಅದು ತಪ್ಪಿದರೆ ಚಿತ್ರ ಯಾರ ಕಣ್ಣಿಗೂ ಬೀಳದೇ ಬಿದ್ದುಹೋಗುತ್ತದೆ. ಕೊನೆಯ ದಿನ ರಾತ್ರಿ 11:59ರ ಒಳಗೆ ಎಲ್ಲ ಹೋಗಬೇಕು. ಮಳೆಗಾಲದಲ್ಲಿ ಕರೆಂಟು ಹೋಯಿತು ಅಂದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುವ ಊರಿನಲ್ಲಿ ಕೂತು ಈ 11:59 ಅನ್ನುವುದನ್ನು ಓದಿದರೆ ನಗು ಬರುತ್ತದೆ.

ಬಯೋ ಬರೆಯುವಾಗ ನಮ್ಮ ಬಗ್ಗೆ ನಾವೇ ಬೇರೆ ಯಾರದೋ ಸುದ್ದಿ ಹೇಳಿದಂತೆ ಹೇಳಬೇಕು. 'ಶಿರಸಿ ಮೂಲದ ಈ ಕಲಾವಿದರು...' ಅಂತ ಶುರು. ನಾನೇ ಅಡುಗೆಮನೆಯ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕೈಯಲ್ಲಿ ಚಹಾ ಹಿಡಿದು, 'ಅವರು ಮಲೆನಾಡಿನ ಬದುಕಿನೊಂದಿಗೆ ನಿರಂತರ ಸಂವಾದದಲ್ಲಿದ್ದಾರೆ' ಅಂತ ಟೈಪ್ ಮಾಡುತ್ತೇನೆ. ಆ ಹೊತ್ತಿಗೆ ಆಯಿ ಒಳಗಿನಿಂದ ತೆಂಗಿನಕಾಯಿ ಸುಲಿದು ಕೊಡು ಅಂತ ಮೂರನೇ ಸಲ ಕೂಗಿರುತ್ತಾಳೆ. ಆ ಸಂವಾದದಲ್ಲಿ ನಾನು ಇಲ್ಲ.

ಇನ್ನು ಕಾನ್ಸೆಪ್ಟ್ ನೋಟಿನ ಭಾಷೆ. ಅಲ್ಲಿ ಯಾವ ಚಿತ್ರವೂ ಸುಮ್ನೆ ಇರುವುದಿಲ್ಲ. ಒಂದೋ ಶೋಧಿಸುತ್ತದೆ, ಇಲ್ಲಾ ಪ್ರಶ್ನಿಸುತ್ತದೆ, ಅದೂ ಅಲ್ಲದಿದ್ದರೆ ಮುಖಾಮುಖಿಯಾಗುತ್ತದೆ. ನಾನು ಮಾಡಿದ ಒಂದು ಚಿತ್ರದಲ್ಲಿ ಅಡಿಕೆ ಮರ ಹತ್ತುವವ ದೋಟಿ ಹಿಡಿದು ನಿಂತಿದ್ದಾನೆ. ಅವನು ಈವರೆಗೆ ಯಾರನ್ನೂ ಪ್ರಶ್ನಿಸಿದ್ದು ನಾನು ಕಂಡಿಲ್ಲ. ಆದರೂ ಪ್ರಪೋಸಲ್‌ನಲ್ಲಿ ಅವನು 'ಶ್ರಮ ಮತ್ತು ಎತ್ತರದ ಸಂಬಂಧವನ್ನು ಪ್ರಶ್ನಿಸುತ್ತಾನೆ'. ಬರೆದ ಮೇಲೆ ನನಗೂ ಹೌದಲ್ಲ ಅನಿಸಿತು. ಅದೇ ಈ ಭಾಷೆಯ ಅಪಾಯ ನೋಡಿ, ಬರೆದವನೇ ಮೊದಲು ನಂಬಿಬಿಡುತ್ತಾನೆ.

ಆಯ್ಕೆ ಸಮಿತಿಯವರನ್ನು ಬಯ್ಯುವುದು ನನಗೆ ಇಷ್ಟವಿಲ್ಲ. ಅವರ ಕಷ್ಟ ನಮ್ಮ ಶಿರಸಿಯ ಅಡಿಕೆ ವಖಾರಿ ನೋಡಿದವರಿಗೆ ಅರ್ಥವಾಗುತ್ತದೆ. ಸಾಲಾಗಿ ರಾಶಿ ಸುರಿದಿರುತ್ತಾರೆ, ವ್ಯಾಪಾರಿ ಒಂದೊಂದರ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದು ಮುಷ್ಟಿ ಎತ್ತಿ, ಒಂದೆರಡು ಒಡೆದು ನೋಡಿ, ಟೆಂಡರ್ ಚೀಟಿಯಲ್ಲಿ ದರ ಬರೆದು ಮುಂದೆ ಹೋಗುತ್ತಾನೆ. ವರ್ಷದ ಬೆಳೆಗೆ ಸಿಗುವುದು ಅಷ್ಟೇ ಹೊತ್ತು. ಆದರೆ ಒಂದು ವ್ಯತ್ಯಾಸ ಇದೆ. ವ್ಯಾಪಾರಿ ಅಡಿಕೆ ಒಡೆದು ನೋಡಬಹುದು, ಚಾಲಿಯೋ ಬೆಟ್ಟೆಯೋ ಕೋಕವೋ ಕೈಗೇ ಗೊತ್ತಾಗುತ್ತದೆ. ಸಮಿತಿಯವರಿಗೆ ಸಿಗುವುದು ಪರದೆ ಮೇಲಿನ ಫೋಟೊ. ಶಾಯಿ ಎಷ್ಟು ದಪ್ಪ ಕೂತಿದೆ, ಕಾಗದ ಎಷ್ಟು ಒತ್ತಿಸಿಕೊಂಡಿದೆ, ಇದೆಲ್ಲ ಫೋಟೊದಲ್ಲಿ ಸತ್ತುಹೋಗಿರುತ್ತದೆ. ಹಾಗಾಗಿ ಅವರು ಒಕ್ಕಣೆ ಓದುತ್ತಾರೆ. ಹಾಗಾಗಿ ನಾವು ಒಕ್ಕಣೆ ಬರೆಯುತ್ತೇವೆ.

ರವೀಂದ್ರನಾಥ ಟಾಗೋರರು ಇಪ್ಪತ್ತರ ಹರೆಯದಲ್ಲಿ ಕಾರವಾರಕ್ಕೆ ಬಂದು ಇದ್ದರಲ್ಲ, ಅದು ನೆನಪಾಗುತ್ತದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್. ತಮ್ಮ ಬಂದರು, ಸಮುದ್ರ ನೋಡಿದರು, ದೋಣಿ ಹತ್ತಿ ಕಾಳಿ ನದಿಯಲ್ಲಿ ತಿರುಗಿದರು, ಒಂದು ನಾಟಕ ಬರೆದರು. ಈಗ ಆ ಬೀಚಿಗೆ ಅವರದೇ ಹೆಸರು. ಇವತ್ತಿನ ಲೆಕ್ಕದಲ್ಲಿ ಅದು ಪಕ್ಕಾ ರೆಸಿಡೆನ್ಸಿ, ಅಂದರೆ ಕಲಾವಿದರು ಬೇರೆ ಊರಿಗೆ ಹೋಗಿ ಕೆಲವು ಕಾಲ ಇದ್ದು ಕೆಲಸ ಮಾಡುವುದು. ಪ್ರಪೋಸಲ್ ಹಾಕಿ ಬರಬೇಕಿತ್ತು ಅಂದಿದ್ದರೆ 'ಕಾರವಾರದಲ್ಲಿ ನಿಮಗೆ ಸಿಗುವ ಫಲಿತಾಂಶವೇನು, ತಿಂಗಳುವಾರು ವಿವರಿಸಿ' ಅನ್ನುವ ಖಾನೆ ಎದುರಾಗುತ್ತಿತ್ತು. ಅಣ್ಣ ಜಡ್ಜ್ ಆಗಿದ್ದರೂ ಅದರಿಂದ ತಪ್ಪಿಸಿಕೊಳ್ಳುವುದು ಕಷ್ಟವಿತ್ತು ಅಂತ ನನ್ನ ಅಂದಾಜು.

ಪ್ರದರ್ಶನದ ಪ್ರಪೋಸಲ್ ಹೇಗೋ ಆಗುತ್ತದೆ. ನನಗೆ ತಲೆ ಬಿಸಿ ಮಾಡುವುದು ಲಿಮಿಟೆಡ್ ಎಡಿಷನ್, ಅಂದರೆ ಒಂದು ಚಿತ್ರದ ಇಂತಿಷ್ಟೇ ಪ್ರತಿ ತೆಗೆಯುವ ಪ್ರಾಜೆಕ್ಟುಗಳು.

ನಾನು ಮಾಡುವುದು ಲಿನೋಕಟ್. ಲಿನೋಲಿಯಂ ಹಾಳೆಯಲ್ಲಿ ಬೇಡದ ಜಾಗ ಕೆತ್ತಿ ತೆಗೆಯುವುದು, ಉಳಿದ ಉಬ್ಬಿಗೆ ರೋಲರ್‌ನಿಂದ ಶಾಯಿ ಹಚ್ಚುವುದು, ಮೇಲೆ ಕಾಗದ ಇಟ್ಟು ಉಜ್ಜುವುದು. ನನ್ನ ಹತ್ತಿರ ಪ್ರೆಸ್ ಇಲ್ಲ. ತೆಂಗಿನ ಚಿಪ್ಪಿನ ಸೌಟಿನ ಬೆನ್ನಿನಿಂದ ಉಜ್ಜುತ್ತೇನೆ. ನಡುವಿನಿಂದ ಅಂಚಿಗೆ, ಸಣ್ಣ ಸುತ್ತು ಹಾಕುತ್ತಾ, ಭಾರ ಹೆಗಲಿನಿಂದ ಬರಬೇಕು, ಮಣಿಕಟ್ಟಿನಿಂದಲ್ಲ. ಶಾಯಿ ಹಿಡಿದ ಕಡೆ ಕಾಗದದ ಬೆನ್ನು ಸ್ವಲ್ಪ ಮಿರುಗುತ್ತದೆ. ಒಂದು ಮೂಲೆ ಮೆಲ್ಲಗೆ ಎತ್ತಿ ನೋಡಬೇಕು, ಸಾಲದಿದ್ದರೆ ಮತ್ತೆ ಇಳಿಸಿ ಉಜ್ಜಬೇಕು. ಆ ಮೂಲೆ ಎತ್ತುವಾಗಿನ ಖುಷಿಗೇ ನಾನು ಈ ಕೆಲಸ ಬಿಟ್ಟಿಲ್ಲ.

ಹೀಗೆ ತೆಗೆದ ಪ್ರತಿಗಳಿಗೆ ನಂಬರು ಹಾಕುತ್ತಾರೆ. ಚಿತ್ರದ ಕೆಳಗೆ ಎಡಕ್ಕೆ 3/25, ಅಂದರೆ ಇಪ್ಪತ್ತೈದರಲ್ಲಿ ಮೂರನೆಯದು. ನಡುವೆ ಹೆಸರು, ಬಲಕ್ಕೆ ಸಹಿ. ಎಲ್ಲ ಪೆನ್ಸಿಲ್‌ನಲ್ಲೇ. ಇದರ ಹೊರಗೆ ಕಲಾವಿದ ತನಗೆ ಅಂತ ಕೆಲವು ಇಟ್ಟುಕೊಳ್ಳಬಹುದು, ಅವಕ್ಕೆ ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಅಂತ ಬರೆಯುತ್ತಾರೆ, ಹೆಚ್ಚುಕಡಿಮೆ ಹತ್ತಕ್ಕೆ ಒಂದರ ಲೆಕ್ಕ. ನನ್ನ ಎ.ಪಿ.ಗಳೆಲ್ಲ ಮದುವೆ, ಗೃಹಪ್ರವೇಶಗಳಿಗೆ ಹೋಗಿವೆ. ಎಡಿಷನ್ ಮುಗಿದ ಮೇಲೆ ಅಚ್ಚಿನ ಮೇಲೆ ಅಡ್ಡಗೀಟು ಎಳೆದು ಕೆಡಿಸುವುದು ಪದ್ಧತಿ, ಇನ್ನೊಂದು ಪ್ರತಿ ಬರಬಾರದು ಅಂತ. ನಾನು ಹಾಗೆ ಗೀಟು ಎಳೆಯುವಾಗ ಆಯಿ ನೋಡಿದಳು.

"ಚೊಲೋ ಇದ್ದದ್ದನ್ನ ಎಂತಕ್ಕೆ ಹಾಳು ಮಾಡ್ತೆ ತಮಾ?"

ಇಪ್ಪತ್ತೈದೇ ಇರಬೇಕು, ಜಾಸ್ತಿ ಆದರೆ ಬೆಲೆ ಬರುವುದಿಲ್ಲ ಅಂದೆ.

"ಇಪ್ಪತ್ತೈದೂ ಖರ್ಚಾತಾ?"

ಆಗಿರಲಿಲ್ಲ. ಅಟ್ಟದಲ್ಲಿ ಇದ್ದವು. ಈಗಲೂ ಕೆಲವು ಇವೆ, ಬೇಕಾದವರು ಹೇಳಿ.

ಆಯಿಯ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಹಳೆಯ ಮನೆಗಳ ಜಗಲಿಯಲ್ಲಿ ಈಗಲೂ ನೇತಾಡುವ ಲಕ್ಷ್ಮಿ, ಸರಸ್ವತಿ ಯಾರವು? ರವಿವರ್ಮ ಮಾಡಿದ್ದು. 1873ರಲ್ಲಿ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಪಡೆದವನು, ಮಹಾರಾಜರು ಕಾದು ಕೂತು ಬರೆಸಿಕೊಳ್ಳುತ್ತಿದ್ದ ಚಿತ್ರಕಾರ, 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಸಾವಿರಗಟ್ಟಲೆ ಪ್ರತಿ ಹೊರಡಿಸಿದ. ನಂಬರಿಲ್ಲ, ಪೆನ್ಸಿಲ್ ಸಹಿಯಿಲ್ಲ. ಕೆಲವು ಮನೆಗಳಲ್ಲಿ ದೇವಿಯ ಸೀರೆಗೆ ಜರಿ, ಮಿಂಚು ಅಂಟಿಸಿ ಇನ್ನಷ್ಟು ಚಂದ ಮಾಡಿಕೊಂಡರು. ಹೊಗೆ ಹಿಡಿದು, ಗಾಜಿನ ಒಳಗೆ ಹುಳ ಹೊಕ್ಕರೂ ಯಾರೂ ತೆಗೆಯಲಿಲ್ಲ. ಯಾವ ಲಿಮಿಟೆಡ್ ಎಡಿಷನ್‌ಗೆ ಇಷ್ಟು ಗೋಡೆ ಸಿಕ್ಕಿದೆ ಹೇಳಿ?

ಹಾಗಂತ ಮಿತಿ ಅನ್ನುವುದೇ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಅದು ನಿಜ. ಡ್ರೈಪಾಯಿಂಟ್‌ನಲ್ಲಿ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿದಾಗ ಗೀರಿನ ಪಕ್ಕ ಲೋಹ ಸ್ವಲ್ಪ ಎದ್ದು ನಿಲ್ಲುತ್ತದೆ, ಶಾಯಿ ಅದರಲ್ಲಿ ಹಿಡಿದು ಗೆರೆ ಮಖಮಲ್ಲಿನ ಹಾಗೆ ಬರುತ್ತದೆ. ಪ್ರೆಸ್ಸಿನ ಭಾರಕ್ಕೆ ಅದು ಬೇಗ ಸವೆಯುತ್ತದೆ. ಹಾಗಾಗಿ ಅಲ್ಲಿ ಮೊದಲಿನ ಪ್ರತಿಗೆ ಬೆಲೆ ಜಾಸ್ತಿ ಅಂದರೆ ಒಪ್ಪಬಹುದು. ಲಿನೋದಲ್ಲಿ ಮೂರನೆಯದೂ ಒಂದೇ, ಇಪ್ಪತ್ತಮೂರನೆಯದೂ ಒಂದೇ. ಕೊಳ್ಳುವವರು ಮಾತ್ರ 'ಒಂದನೇ ನಂಬರಿನದು ಇದೆಯಾ' ಅಂತ ಕೇಳುತ್ತಾರೆ, ಕಾರಿನ ನಂಬರ್ ಪ್ಲೇಟಿಗೆ ಕೇಳುವವರು ಅವರೇ ಇರಬೇಕು. ಇನ್ನು ಕಂಪ್ಯೂಟರ್ ಫೈಲಿನಿಂದ ಇಂಕ್‌ಜೆಟ್‌ನಲ್ಲಿ ಒಳ್ಳೆಯ ಕಾಗದದ ಮೇಲೆ ತೆಗೆದ ಪ್ರಿಂಟು. ಅದಕ್ಕೂ 1/50 ಅಂತ ಬರೆದು ಪ್ರಮಾಣಪತ್ರ ಕೊಡುತ್ತಾರೆ. ಫೈಲು ಸವೆಯುವುದಿಲ್ಲ, ಕೈ ನೋಯುವುದಿಲ್ಲ. ಐವತ್ತಕ್ಕೆ ನಿಲ್ಲಿಸಿದ್ದೇನೆ ಅನ್ನುವುದು ಬರೀ ಮಾತು. ಮಾತು ಉಳಿಸಿಕೊಳ್ಳುವವರು ಇದ್ದಾರೆ, ಬೇಡ ಅನ್ನುವುದಿಲ್ಲ. ಆದರೆ ನನಗೆ ಅದರಲ್ಲಿ ರುಚಿ ಇಲ್ಲ.

ನನಗೆ ಇಷ್ಟವಾದದ್ದು ರಿಡಕ್ಷನ್ ಅನ್ನುವ ಪದ್ಧತಿ. ಎಲ್ಲ ಬಣ್ಣಕ್ಕೂ ಒಂದೇ ಅಚ್ಚು. ಮೊದಲು ಬಿಳಿ ಉಳಿಯಬೇಕಾದ ಜಾಗ ಕೆತ್ತಿ, ಎಲ್ಲ ಹಾಳೆಗೂ ಹಳದಿ ಒತ್ತಿಬಿಡುವುದು. ಆಮೇಲೆ ಅದೇ ಅಚ್ಚಿನಲ್ಲಿ ಹಳದಿ ಉಳಿಯಬೇಕಾದಷ್ಟು ಕೆತ್ತಿ, ಎಲ್ಲದರ ಮೇಲೂ ಕೆಂಪು. ಮತ್ತೆ ಕೆತ್ತಿ, ಕಪ್ಪು. ಚಿತ್ರ ಮುಗಿಯುವಾಗ ಅಚ್ಚೂ ಮುಗಿದಿರುತ್ತದೆ, ಅಡ್ಡಗೀಟು ಎಳೆಯಲು ಏನೂ ಉಳಿದಿರುವುದಿಲ್ಲ. ಚಕ್ರವರ್ತಿ ಬಂದು ಕೇಳಿದರೂ ಇನ್ನೊಂದು ಪ್ರತಿ ಕೊಡಲಿಕ್ಕಾಗದು. ಶಿರಸಿಯ ಮಾರಿಕಾಂಬಾ ಗುಡಿಯ ಕಾವಿ ಚಿತ್ರ ನೋಡಿದವರಿಗೆ ಇದು ಹೊಸತಲ್ಲ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿ ತೋರಿಸುವುದು. ಕೆರೆದದ್ದು ಕೆರೆದದ್ದೇ. ಮಾಡಿದವರು ಸಹಿ ಕೂಡ ಹಾಕಿಲ್ಲ, ನಂಬರಂತೂ ಕೇಳಲೇಬೇಡಿ. ನಾನು ಲಿನೋ ಹಿಡಿಯಲು ಆ ಗೋಡೆಗಳೇ ಕಾರಣ ಇರಬೇಕು. ಇದನ್ನು ಕಾನ್ಸೆಪ್ಟ್ ನೋಟಿನಲ್ಲಿ ಬರೆದರೆ ಚೆನ್ನಾಗಿ ಕೇಳುತ್ತದೆ ಅಂತ ಗೊತ್ತಾದ ಮೇಲೆ, ನಿಜವೋ ಅಲ್ಲವೋ ಅಂತ ನನಗೇ ಸಂಶಯ ಬಂದಿದೆ.

ಈ ಪದ್ಧತಿಯಲ್ಲಿ ಒಂದು ತೊಂದರೆ. ಎಷ್ಟು ಪ್ರತಿ ಅಂತ ಮೊದಲೇ ನಿರ್ಧರಿಸಬೇಕು, ಎಷ್ಟು ಉಳಿಯುತ್ತವೆ ಅಂತ ಕೊನೆಗೇ ಗೊತ್ತಾಗುವುದು. ಮೂವತ್ತೈದು ಹಾಳೆಗೆ ಹಳದಿ ಹಾಕಿ ಕೂತರೆ, ಕೆಂಪು ಒತ್ತುವಾಗ ಒಂದಿಷ್ಟು ಅಂಚು ಜಾರಿ ಎರಡೆರಡು ಗೆರೆ ಕಾಣುತ್ತವೆ. ಅವು ಹೋದವು. ನಮ್ಮ ಮಳೆಗಾಲದಲ್ಲಿ ಎಣ್ಣೆ ಶಾಯಿ ವಾರವಾದರೂ ಒಣಗುವುದಿಲ್ಲ. ಅಟ್ಟದಲ್ಲಿ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ನೇತು ಬಿಟ್ಟರೆ ಹಾಳೆ ತೇವ ಕುಡಿದು ಹಿಗ್ಗುತ್ತದೆ, ಕಪ್ಪಿನ ಹೊತ್ತಿಗೆ ಅಳತೆಯೇ ತಪ್ಪಿರುತ್ತದೆ. ಹದಿನೈದು ದಿನ ನೋಡದೆ ಬಿಟ್ಟರೆ ಬೂಸ್ಟು. ಒಳ್ಳೆಯ ಹತ್ತಿ ಕಾಗದಕ್ಕೆ ಬೂಸ್ಟು ಇನ್ನೂ ಪ್ರೀತಿಯಿಂದ ಬರುತ್ತದೆ.

ಇಷ್ಟೆಲ್ಲ ದಾಟಿ ಉಳಿದದ್ದಕ್ಕೂ ಗಂಡಾಂತರ ತಪ್ಪಿದ್ದಲ್ಲ. ನನ್ನ ಗೆಳೆಯನೊಬ್ಬ ಚಂದದ ಒಂದು ಪ್ರಿಂಟನ್ನು ಪೇಟೆಯ ಅಂಗಡಿಯೊಂದಕ್ಕೆ ಫ್ರೇಮ್ ಹಾಕಲು ಕೊಟ್ಟ. ದೇವರ ಫೋಟೊ, ಮದುವೆ ಫೋಟೊಗೆ ಕಟ್ಟು ಹಾಕಿ ಪಳಗಿದ ಕೈ. ಹಾಳೆಯ ಸುತ್ತ ಬಿಟ್ಟಿದ್ದ ಬಿಳಿ ಅಂಚನ್ನು ನೀಟಾಗಿ ಕತ್ತರಿಸಿ, ಬಂಗಾರದ ಬಣ್ಣದ ಫ್ರೇಮ್ ಹಾಕಿ ಕೊಟ್ಟ. ನಂಬರು, ಸಹಿ ಎಲ್ಲ ಅಂಚಿನ ಜೊತೆ ಹೋಗಿತ್ತು. ಕೇಳಿದರೆ, "ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ರು ಸರ, ಅದನ್ನೂ ತೆಗೆದು ಕ್ಲೀನ್ ಮಾಡಿದೀನಿ" ಅಂದನಂತೆ. ಬೆಲೆ ಬಾಳುವ ಲಿಮಿಟೆಡ್ ಎಡಿಷನ್ ಒಂದೇ ಏಟಿಗೆ ಬರೀ ಚಿತ್ರ ಆಯಿತು. ಗೆಳೆಯ ಅದನ್ನು ಮನೆಯಲ್ಲೇ ಹಾಕಿಕೊಂಡಿದ್ದಾನೆ. ನೋಡಲು ಮೊದಲಿನಷ್ಟೇ ಚೆನ್ನಾಗಿದೆ, ಏನು ಹೇಳುವುದು.

ಬಜೆಟ್ ಖಾನೆಯ ಬಗ್ಗೆ ಜಾಸ್ತಿ ಹೇಳುವಂತಿಲ್ಲ. ಕಾಗದ, ಶಾಯಿ, ಫ್ರೇಮು, ಸಾಗಾಟ. ಸಾಗಾಟ ಅಂದರೆ ಬಬಲ್ ರ‍್ಯಾಪ್ ಸುತ್ತಿ, ಮೇಲೆ ಗೋಣಿ ಹೊಲಿದು, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬೆಂಗಳೂರಿಗೆ. ಮಾರಾಟವಾದರೆ ಗ್ಯಾಲರಿಗೆ ಮೂರನೇ ಒಂದು ಪಾಲು, ಕೆಲವು ಕಡೆ ಅರ್ಧ. 'ಕಲಾವಿದರ ಸಂಭಾವನೆ' ಅನ್ನುವ ಸಾಲಿನಲ್ಲಿ ನಮ್ಮವರು ಹೆಚ್ಚಿನವರು ಸೊನ್ನೆ ಬರೆಯುತ್ತಾರೆ, ಸಂಕೋಚಕ್ಕೆ. ಇದು ಮಾತ್ರ ನನಗೆ ಸಿಟ್ಟು ಬರುವ ವಿಷಯ. ಫ್ರೇಮಿನವನಿಗೆ, ಬಸ್ಸಿನವನಿಗೆ ದುಡ್ಡು ಬರೆದು, ಮೂರು ತಿಂಗಳು ಕೆತ್ತಿದವನಿಗೆ ಸೊನ್ನೆ ಯಾಕೆ? ಈಗ ನಾನು ಬರೆಯುತ್ತೇನೆ. ಸಿಗುವುದು ಬಿಡುವುದು ಆಮೇಲೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಯಲ್ಲಿ ರಸ್ತೆ ಬದಿ ನಿಂತು ಮಾರುವುದೇ ವಾಸಿ ಅನಿಸುವುದೂ ಉಂಟು. ಅಲ್ಲಿ ಬಂದವರು 'ಇದು ಏನನ್ನು ಶೋಧಿಸುತ್ತದೆ' ಅಂತ ಕೇಳುವುದಿಲ್ಲ, 'ಎಷ್ಟು?' ಅನ್ನುತ್ತಾರೆ.

ಮೊನ್ನೆ ಇನ್ನೊಂದು ಲಿಮಿಟೆಡ್ ಎಡಿಷನ್ ಯೋಜನೆಗೆ ಪ್ರಪೋಸಲ್ ಕರೆದಿದ್ದರು. ಸಿದ್ದಾಪುರದ ಗೆಳೆಯನೂ ಹಾಕುತ್ತಿದ್ದಾನೆ, ಅವನದೂ ರಿಡಕ್ಷನ್ನೇ. ಜುಲೈನಲ್ಲಿ ಕೆಲಸ, ಸೆಪ್ಟೆಂಬರಿಗೆ ಪ್ರತಿಗಳು ತಲುಪಬೇಕು. ರಾತ್ರಿ ಫೋನ್ ಮಾಡಿದ. ಎಲ್ಲ ತುಂಬಿದ್ದಾನಂತೆ, 'ಒಟ್ಟು ಪ್ರತಿಗಳು' ಅನ್ನುವ ಖಾನೆಯಲ್ಲಿ 'ಮಳೆ ನೋಡಿಕೊಂಡು' ಅಂತ ಬರೆದರೆ ಮುಂದೆ ಹೋಗಲು ಬಿಡುತ್ತಿಲ್ಲ. ಅಂಕಿಯನ್ನೇ ಕೇಳುತ್ತಿದೆಯಂತೆ. ಹದಿನೆಂಟು ಹಾಕು ಅಂದೆ. "ಹದಿನೆಂಟು ಆಗೋದು ಡೌಟು ಮಾರಾಯಾ, ಹನ್ನೆರಡು ಹಾಕ್ತೆ" ಅಂದ.