ಶಾಲು ಯಾವ ಬಣ್ಣದ್ದಿರಲಿ, ಫಾದರ್?

ನಮ್ಮ ಚರ್ಚಿನಲ್ಲಿ ನನಗೊಂದು ಹುದ್ದೆ ಇದೆ. ಸಂಬಳ ಇಲ್ಲ, ಬೋರ್ಡ್ ಇಲ್ಲ, ಪಾಲನಾ ಸಮಿತಿಯ ನಡಾವಳಿಯಲ್ಲೂ ಹೆಸರಿಲ್ಲ. ಆದರೂ ಎಲ್ಲರಿಗೂ ಗೊತ್ತು: ನಾನು ಶಾಲು ಉಸ್ತುವಾರಿ. ಕ್ರಿಸ್ಮಸ್ ಸೌಹಾರ್ದ ಕೂಟಕ್ಕೋ ಚರ್ಚಿನ ಹಬ್ಬಕ್ಕೋ ಗಣ್ಯರು ಬರುತ್ತಾರಲ್ಲ, ಅವರಿಗೆ ಹೊದಿಸುವ ಶಾಲು, ತಲೆಗೆ ಮೈಸೂರು ಪೇಟ, ಕೊರಳಿಗೆ ಏಲಕ್ಕಿ ಹಾರ, ಕೈಗೆ ಹಣ್ಣಿನ ಬುಟ್ಟಿ, ಇಷ್ಟನ್ನೂ ಹೊಂದಿಸುವುದು ನನ್ನ ಕೆಲಸ. ಪೇಟ, ಹಾರ, ಬುಟ್ಟಿ ಸುಲಭ. ಸೇಬು ಯಾವ ಪಕ್ಷದ್ದೂ ಅಲ್ಲ. ಶಾಲಿನದ್ದೇ ತಾಪತ್ರಯ.

ಮೊದಲ ವರ್ಷ ನಾನು ತುಂಬಾ ಮುಗ್ಧ. ಚರ್ಚಿಗೆ ತನ್ನದೇ ಬಣ್ಣಗಳಿವೆಯಲ್ಲ, ಅದನ್ನೇ ಅನುಸರಿಸಿದರಾಯಿತು ಅಂದುಕೊಂಡೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೂ ನೇರಳೆ, ಕ್ರಿಸ್ಮಸ್‌ಗೆ ಬಿಳಿ, ಹುತಾತ್ಮರ ದಿನಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಸಾಧಾರಣ ಕಾಲವೇ ಜಾಸ್ತಿ, ವರ್ಷದಲ್ಲಿ 33 ಅಥವಾ 34 ವಾರ. ಹಾಗಾಗಿ ಚಿಕ್ಕಪೇಟೆಗೆ ಹೋಗಿ ಒಂದು ಡಜನ್ ಹಸಿರು ಶಾಲು ತಂದೆ. ವೇದಿಕೆಯಲ್ಲಿ ಶಾಸಕರು ಅದನ್ನು ಹಿಡಿದು ನೋಡಿ, "ಏನ್ರೀ, ರೈತ ಸಂಘಕ್ಕೆ ಸೇರಿಸ್ತಿದ್ದೀರಾ?" ಎಂದರು. ಎಲ್ಲರೂ ನಕ್ಕರು. ನಾನೊಬ್ಬ ನಗಲಿಲ್ಲ.

ಮುಂದಿನ ವರ್ಷ ಕೆಂಪು. ಹುತಾತ್ಮರ ಬಣ್ಣ, ಪವಿತ್ರಾತ್ಮರ ಬಣ್ಣ. ಸಮಿತಿಯ ಖಜಾಂಚಿ ಬ್ಯಾಗಿನೊಳಗೆ ಇಣುಕಿ, "ಕಮ್ಯುನಿಸ್ಟ್ ಸಮಾವೇಶಕ್ಕೆ ತಂದಿದ್ದೀರಾ?" ಎಂದು ವಾಪಸ್ ಕಳಿಸಿದರು. ನೀಲಿ ತಂದೆ, ಮಾತೆ ಮರಿಯಮ್ಮನ ಮೇಲುವಸ್ತ್ರದ ಬಣ್ಣ ಅಂತ. "ಇದು ಸಂಘಟನೆಯವರ ಬಣ್ಣ ಅಲ್ವಾ?" ಎಂದು ಒಬ್ಬರು ಮೂಗು ಮುರಿದರು. ಯಾವ ಸಂಘಟನೆ ಅಂತ ಹೇಳಲಿಲ್ಲ, ಯಾಕೆ ಮೂಗು ಮುರಿದರು ಅಂತಲೂ ಹೇಳಲಿಲ್ಲ. ನಮ್ಮ ಪ್ರಬೋಧನೆಯಲ್ಲಿ ಪ್ರತಿ ಭಾನುವಾರ ಎಲ್ಲರೂ ಸಮಾನರು. ಬಿಳಿ ತಂದರೆ ಸಾವಿನ ಮನೆ ನೆನಪಾಗುತ್ತದಂತೆ.

ಕೇಸರಿಯ ಮಾತು ಎತ್ತಿದಾಗ ಮಾತ್ರ ಸಭೆಯಲ್ಲಿ ಕುರ್ಚಿಗಳು ಹಿಂದೆ ಸರಿದವು. "ನೀವು ಆ ಕಡೆಯವರಾ?" ಎಂದು ನೇರವಾಗಿಯೇ ಕೇಳಿದರು. ನಾನು ಹೇಳಿದೆ, ಸ್ವಾಮಿ, ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಮುಂದೆ ಹೋಗಿ ನಿಂತುಕೊಳ್ಳಿ. ಆಗಸ್ಟ್ 29ಕ್ಕೆ ಧ್ವಜ ಏರಿದಾಗಿನಿಂದ ಮಾತೆಯ ತೇರು ಹೊರಡುವ ತನಕ ಕಾವಿ ಸೀರೆ, ಕಾವಿ ಅಂಗಿ ತೊಟ್ಟವರ ಸಮುದ್ರವೇ ಇರುತ್ತದೆ. ಹೊಸಬ ಯಾರಾದರೂ ನೋಡಿದರೆ ಯಾವುದೋ ಪಕ್ಷದ ಶಕ್ತಿ ಪ್ರದರ್ಶನ ಅಂದುಕೊಂಡಾನು. ಹರಕೆ ಹೊತ್ತ ನಮ್ಮ ತಾಯಂದಿರು ಆ ಬಣ್ಣ ಉಡುವಾಗ ಯಾರ ಕಚೇರಿಗೂ ಫೋನ್ ಮಾಡಿ ಕೇಳಿರಲಿಲ್ಲ. ಈ ವಾದ ಯಾರಿಗೂ ಹಿಡಿಸಲಿಲ್ಲ. "ಅದು ಭಕ್ತಿ, ಇದು ಸ್ಟೇಜು" ಎಂದರು ಫಾದರ್.

ಕೊನೆಗೆ ದಾರಿ ತೋರಿಸಿದವನು ಚಿಕ್ಕಪೇಟೆಯ ಅಂಗಡಿಯ ಹುಡುಗ. "ಸಾರ್, ಹಳದಿ ಕೆಂಪು ತಗೊಳ್ಳಿ. ಅದಕ್ಕೆ ಯಾರೂ ಬೇಡ ಅನ್ನಲ್ಲ." ಅಂದಿನಿಂದ ನಮ್ಮ ಚರ್ಚಿನ ಅಧಿಕೃತ ಶಾಲು ಕನ್ನಡ ಬಾವುಟದ್ದು.

ಆ ಬಣ್ಣಕ್ಕೂ ಒಳಗೆ ತಕರಾರು ಇತ್ತೆನ್ನಿ. ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಎಂಬುದು ದಶಕಗಳ ಜಗಳ. 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯ ತನಕ ಪೂಜೆ ಲ್ಯಾಟಿನ್‌ನಲ್ಲಿತ್ತು. ಆಗ ಜಗಳವೇ ಇರಲಿಲ್ಲ, ಯಾಕೆಂದರೆ ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ. ಜನರ ಭಾಷೆಯಲ್ಲೇ ಪೂಜೆ ಮಾಡಿ ಎಂದು ರೋಮ್ ಹೇಳಿತು. ಯಾವ ಜನ ಅಂತ ಬೆಂಗಳೂರು ಕೇಳಿತು. ಇನ್ನೂ ಕೇಳುತ್ತಲೇ ಇದೆ.

ಶಾಲು ಹೊದಿಸಿದ ಮೇಲೆ ಭಾಷಣ. ಯಾವ ಪಕ್ಷದವರೇ ಬರಲಿ, ಅವರು ಮೊದಲು ಎತ್ತುವ ಹೆಸರು ಯೇಸುವಿನದ್ದಲ್ಲ, ಕಿಟೆಲ್‌ದು. "ಕನ್ನಡಕ್ಕೆ ನಿಘಂಟು ಕೊಟ್ಟ ಮಹನೀಯರು." ಹೌದು, ಕೊಟ್ಟರು. 1894ರಲ್ಲಿ, ಸುಮಾರು 70,000 ಪದ. ಆ 70,000ದಲ್ಲಿ ನಮ್ಮ ಗಣ್ಯರು ವೇದಿಕೆ ಮೇಲೆ ಬಳಸುವುದು ನಾಲ್ಕನ್ನು: ಶಿಕ್ಷಣ, ಆರೋಗ್ಯ, ಸೇವೆ, ಅಪಾರ. ಎಂ.ಜಿ. ರಸ್ತೆಯ ತುದಿಯಲ್ಲಿ ಮೇಯೊ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ನಿಂತಿದೆ. ಚುನಾವಣಾ ವರ್ಷದಲ್ಲಿ ಆ ಪುಣ್ಯಾತ್ಮನಿಗೆ ಎಷ್ಟು ಬಿಕ್ಕಳಿಕೆ ಬರುತ್ತದೋ ಏನೋ.

ಒಬ್ಬರು ಒಮ್ಮೆ ನಮ್ಮ ಕೂಟದಲ್ಲಿ ಕಿಟೆಲ್ ಅವರನ್ನು ಬಾಯ್ತುಂಬ ಹೊಗಳಿ, ಕೇಕ್ ಕತ್ತರಿಸಿ, ಹೋಗುವಾಗ "ಆದರೆ ಮತಾಂತರ ಮಾತ್ರ ನಿಲ್ಲಿಸಬೇಕು" ಎಂದರು. ನಮ್ಮ ಚರ್ಚಿನಲ್ಲಿ ಇದ್ದವರನ್ನೇ ಭಾನುವಾರ ಬೆಳಿಗ್ಗೆ ಎಬ್ಬಿಸಿ ಕರೆತರಲು ಆಗುತ್ತಿಲ್ಲ. ಹೊಸಬರನ್ನು ಎಲ್ಲಿಂದ ತರುವುದು? 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ 1.87. ಇಷ್ಟು ಜನ ಸೇರಿ ಇಡೀ ರಾಜ್ಯವನ್ನೇ ಬದಲಾಯಿಸಿಬಿಡುತ್ತಾರೆ ಎಂದು ನಮ್ಮ ಮೇಲೆ ಇಟ್ಟಿರುವ ನಂಬಿಕೆ ನಮ್ಮ ಬಿಷಪ್ಪುಗಳಿಗೂ ಇಲ್ಲ.

ಮತಾಂತರ ನಿಷೇಧ ಮಸೂದೆಗೆ ಬೆಳಗಾವಿಯಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿದ್ದು 2021ರ ಡಿಸೆಂಬರ್ 23ಕ್ಕೆ. ಕ್ರಿಸ್ಮಸ್‌ಗೆ ಎರಡೇ ದಿನ ಮೊದಲು. ಉಡುಗೊರೆ ಸರಿಯಾದ ಸಮಯಕ್ಕೆ ಬಂತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಧರ್ಮ ಬದಲಾಯಿಸುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ಅರ್ಜಿ ಕೊಡಬೇಕು. 2019ರಲ್ಲಿ 17 ಶಾಸಕರು ರಾಜೀನಾಮೆ ಗಲಾಟೆಯಲ್ಲಿ ಒಂದು ಸರ್ಕಾರವನ್ನೇ ಬೀಳಿಸಿದಾಗ ಯಾವ ಜಿಲ್ಲಾಧಿಕಾರಿಗೂ ಅರ್ಜಿ ಬಂದ ನೆನಪು ನನಗಿಲ್ಲ. 2023ರ ಜೂನ್ 15ಕ್ಕೆ ಹೊಸ ಸರ್ಕಾರದ ಸಂಪುಟ ಆ ಕಾಯ್ದೆ ವಾಪಸ್ ಪಡೆಯಲು ತೀರ್ಮಾನಿಸಿತು. ನಮ್ಮಲ್ಲಿ ಸಿಹಿ ಹಂಚಿದರು. ತೀರ್ಮಾನಕ್ಕೆ ಸಿಹಿ ಹಂಚುವ ವಿಷಯದಲ್ಲಿ ನಾವು ತುಂಬಾ ಉದಾರಿಗಳು.

ಚುನಾವಣೆ ಘೋಷಣೆಯಾದರೆ ನಮ್ಮ ಫಾದರ್ ತೂಕ ಇಳಿದುಹೋಗುತ್ತಾರೆ. ಪ್ರಾರ್ಥನಾ ಮಂದಿರದಲ್ಲಿ ಪ್ರಚಾರ ಮಾಡಬಾರದು ಎಂದು ನೀತಿ ಸಂಹಿತೆ ಹೇಳುತ್ತದೆ. ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು 1951ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. 2017ರ ಜನವರಿ 2ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ಬಿಗಿ ಮಾಡಿತು, 4:3ರಲ್ಲಿ. ಹಾಗಾಗಿ ಫಾದರ್ ಪಕ್ಷದ ಹೆಸರು ಎತ್ತುವುದೇ ಇಲ್ಲ. "ಆತ್ಮಸಾಕ್ಷಿಯಂತೆ ಮತ ಹಾಕಿ" ಎಂದು ಹೇಳಿ ಒಂದು ಕ್ಷಣ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದರಲ್ಲೇ ಎಲ್ಲ ಇರುತ್ತದೆ.

ಆದರೂ ಅವರ ಗ್ರಹಚಾರ ನೋಡಿ. ಒಂದು ಭಾನುವಾರ "ದೇವರ ಕೈ ನಿಮ್ಮ ಮೇಲಿರಲಿ" ಎಂದುಬಿಟ್ಟರು. ಗಾನವೃಂದದಲ್ಲಿ ಕಮಲದ ಅಭಿಮಾನಿ ಒಬ್ಬರಿದ್ದಾರೆ. ಅವರು ಪೂಜೆ ಮುಗಿದ ತಕ್ಷಣ ಸ್ಯಾಕ್ರಿಸ್ಟಿಗೆ, ಅಂದರೆ ಫಾದರ್ ಪೂಜೆಗೆ ಸಿದ್ಧರಾಗುವ ಕೋಣೆಗೆ, ಹೋಗಿ ಆಕ್ಷೇಪ ಎತ್ತಿದರು. ಮುಂದಿನ ವಾರ ಫಾದರ್ "ದೇವರ ತೋಳು" ಎಂದರು. ಅದರ ಮುಂದಿನ ವಾರ ವಾಚನದಲ್ಲಿ "ಹೊಲದ ಹೂಗಳನ್ನು ನೋಡಿರಿ" ಬಂತು. ಈಗ ಇನ್ನೊಂದು ಬಣಕ್ಕೆ ಅನುಮಾನ: ಯಾವ ಹೂ? ಬೈಬಲಿನ ರೂತಳ ಕಥೆ ಹೇಳೋಣ ಎಂದರೆ ಅವಳು ಹೊಲದಲ್ಲಿ ಆಯ್ದ ತೆನೆ ಹೊತ್ತು ಮನೆಗೆ ಬರುವ ಮಹಿಳೆ. ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವ ಹೆಂಗಸಿನ ಸಾಮತಿ ಕಥೆ ಹೇಳೋಣ ಎಂದರೆ ಅವಳ ಕೈಯಲ್ಲಿ ಪೊರಕೆ. ಇಷ್ಟು ಚಿಹ್ನೆಗಳನ್ನು ಎರಡು ಸಾವಿರ ವರ್ಷ ಮೊದಲೇ ಹಂಚಿಟ್ಟವರು ಯಾರು ಸ್ವಾಮಿ? ಆ ಚುನಾವಣೆ ಮುಗಿಯುವ ತನಕ ನಾವು ನೋಹನ ನಾವೆಯಲ್ಲೇ ಇದ್ದೆವು. ಪ್ರಾಣಿಗಳು ಮಾತ್ರ, ಅದೂ ಜೋಡಿ ಜೋಡಿ.

2025ರ ಸೆಪ್ಟೆಂಬರ್‌ನಲ್ಲಂತೂ ನಮಗೆ ಒಂದೇ ತಿಂಗಳಲ್ಲಿ ಎರಡು ಹಬ್ಬ. ಮೊದಲನೆಯದು ಮಾತೆಯ ಹಬ್ಬದ ದಿನವೇ. ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಸಿಲಿಕಾಗೆ ಬಂದು, ಶಿವಾಜಿನಗರ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿ ಹೆಸರಿಡಲು ಶಿಫಾರಸು ಮಾಡುತ್ತೇನೆ ಎಂದರು. ಆಗಿನ್ನೂ ಆ ನಿಲ್ದಾಣಕ್ಕೆ ರೈಲೇ ಬಂದಿರಲಿಲ್ಲ. ಮಹಾರಾಷ್ಟ್ರದ ಮುಖ್ಯಮಂತ್ರಿ ಫಡಣವೀಸ್ ಅವರು ಇದು ಛತ್ರಪತಿ ಶಿವಾಜಿಗೆ ಅವಮಾನ ಎಂದರು. ಈ ಜಾಗವನ್ನು ಬ್ರಿಟಿಷರು ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಅದರ ಮೂಲ 'ಬಿಳಿ ಅಕ್ಕಿ ಪಳ್ಳಿ' ಎನ್ನುವವರೂ ಇದ್ದಾರೆ. ಬಿಳಿಯದ್ದು ಕಪ್ಪಾಯಿತು, ಕಪ್ಪು ಶಿವಾಜಿಯಾಯಿತು. ಎರಡು ರಾಜ್ಯದವರು ಜಗಳವಾಡುತ್ತಿದ್ದಾಗ ನಮ್ಮ ಪಕ್ಕದ ಬೆಂಚಿನ ಅಜ್ಜಿ ಕೇಳಿದ್ದು ಒಂದೇ: "ಅಲ್ಲಿ ಲಿಫ್ಟ್ ಇರುತ್ತಾ ಮಗಾ?"

ಎರಡನೆಯದು ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಜಾತಿ ಪಟ್ಟಿಯಲ್ಲಿ 'ಕುರುಬ ಕ್ರಿಶ್ಚಿಯನ್', 'ಬ್ರಾಹ್ಮಣ ಕ್ರಿಶ್ಚಿಯನ್', 'ಒಕ್ಕಲಿಗ ಕ್ರಿಶ್ಚಿಯನ್' ಅಂತೆಲ್ಲ ಮೂವತ್ತಕ್ಕೂ ಹೆಚ್ಚು ಹೆಸರುಗಳು. ವಿರೋಧ ಪಕ್ಷದವರು ಇದು ಹಿಂದೂ ಸಮಾಜ ಒಡೆಯುವ ಸಂಚು ಎಂದರು. ಗಲಾಟೆ ಜೋರಾಯಿತು. ಸಮೀಕ್ಷೆ ನಡೆಸುತ್ತಿದ್ದ ಹಿಂದುಳಿದ ವರ್ಗಗಳ ಆಯೋಗ ಆ ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡಿತು. ತೆಗೆದುಹಾಕಲಿಲ್ಲ, ಕಾಣದ ಹಾಗೆ ಮಾಡಿತು. ಜಾತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾದ ಸಾಫ್ಟ್‌ವೇರ್ ಇನ್ನೊಂದಿಲ್ಲ. ನಮ್ಮ ಚರ್ಚಿನಲ್ಲೂ ಅದು ಹಾಗೆಯೇ ಇದೆ.

ನಮ್ಮ ಮನೆಗೆ ಬಂದವರು ಪಾಪ, ಒಬ್ಬರು ಟೀಚರ್. 60 ಪ್ರಶ್ನೆ, ಕೈಯಲ್ಲಿ ಸುಸ್ತಾದ ಮೊಬೈಲ್. "ಧರ್ಮ?" "ಕ್ರೈಸ್ತ." "ಜಾತಿ?" ನಾನು ಗಂಭೀರವಾಗಿ, "ನಮ್ಮಲ್ಲಿ ಜಾತಿ ಇಲ್ಲ ಮೇಡಂ" ಎಂದೆ. ಒಳಗಿನಿಂದ ನನ್ನ ಹೆಂಡತಿ, "ಹೌದೌದು, ನಮ್ಮ ಮದುವೆ ಮಾತುಕತೆ ಮೂರು ತಿಂಗಳು ಎಳೆದಿದ್ದು ಬರೀ ಊಟದ ಮೆನುಗೆ" ಎಂದಳು. ಟೀಚರ್ ನಗದೆ ಟೈಪ್ ಮಾಡಿಕೊಂಡರು.

ಆ ಪಟ್ಟಿಯಲ್ಲಿ ಕ್ರೈಸ್ತರ ಜಾತಿ ಕಂಡು ಬೆಚ್ಚಿಬೀಳಲು ಏನಿತ್ತು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕರ್ನಾಟಕದ ಮೀಸಲಾತಿ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿದ್ದಾರೆ, ಮಿಕ್ಕ ಕ್ರೈಸ್ತರು 3ಬಿಯಲ್ಲಿ. ಎಲ್ಲ ಪಕ್ಷಗಳೂ ಅದೇ ಪಟ್ಟಿ ಇಟ್ಟುಕೊಂಡು ಆಡಳಿತ ನಡೆಸಿವೆ. ಇನ್ನು ನಮ್ಮ ಕಡೆಯ ಚಂದ ಕೇಳಿ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಸ್ಥಾನ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ದಲಿತ ಕ್ರೈಸ್ತರಿಗೂ ಕೊಡಿ ಎನ್ನುವುದು ಚರ್ಚಿನ ಹಳೆಯ ಬೇಡಿಕೆ. ನ್ಯಾಯವಾದ ಬೇಡಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ವೇದಿಕೆಯಲ್ಲಿ "ಕ್ರೈಸ್ತರಲ್ಲಿ ಜಾತಿ ಇಲ್ಲ" ಎಂದು ಭಾಷಣ ಮಾಡಿದವರೇ ಇಳಿದುಬಂದು ಮಂತ್ರಿಯ ಕೈಗೆ ಆ ಮನವಿ ಪತ್ರ ಕೊಟ್ಟರು. ಮಂತ್ರಿ ಎರಡಕ್ಕೂ ತಲೆಯಾಡಿಸಿದರು. ಶಾಲು ಹೊದ್ದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ.

ಸಿದ್ಧಾಂತ ಅಂತ ನಿಜವಾಗಿ ತಲೆಗೆ ಹಚ್ಚಿಕೊಂಡವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಎಂ.ಎಂ. ಥಾಮಸ್ ಅಂತ ಒಬ್ಬರಿದ್ದರು. 1940ರ ದಶಕದಲ್ಲಿ ಅವರು ಕೇರಳದ ಮಾರ್ ಥೋಮಾ ಎಂಬ ಕ್ರೈಸ್ತ ಸಭೆಯಲ್ಲಿ ಪಾದ್ರಿಯಾಗಲೂ ಅರ್ಜಿ ಹಾಕಿದರು, ಕಮ್ಯುನಿಸ್ಟ್ ಪಕ್ಷಕ್ಕೂ ಅರ್ಜಿ ಹಾಕಿದರು. ಇವನು ಕಮ್ಯುನಿಸ್ಟ್ ಅಂತ ಸಭೆ ಬೇಡವೆಂದಿತು, ಇವನು ಕ್ರೈಸ್ತ ಅಂತ ಪಕ್ಷ ಬೇಡವೆಂದಿತು. ಆಮೇಲೆ ಅವರು ನಮ್ಮ ಬೆಂಗಳೂರಿನಲ್ಲೇ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಿದ್ದ ಕ್ರೈಸ್ತ ಸಂಸ್ಥೆಯೊಂದನ್ನು ವರ್ಷಗಟ್ಟಲೆ ನಡೆಸಿದರು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿದರು, 1990ರಲ್ಲಿ ನಾಗಾಲ್ಯಾಂಡ್ ರಾಜ್ಯಪಾಲರೂ ಆದರು. ಈಗಿನ ಕಾಲವಾಗಿದ್ದರೆ ಎರಡೂ ಕಡೆಯವರು ಸೇರಿಸಿಕೊಂಡು, ಎರಡೂ ಕಡೆ ಫೋಟೋ ಹಾಕಿಕೊಳ್ಳುತ್ತಿದ್ದರು.

ಜಾರ್ಜ್ ಫರ್ನಾಂಡಿಸ್ ಕಥೆ ಇನ್ನೂ ರುಚಿ. 1946ರಲ್ಲಿ ಮಂಗಳೂರಿನಿಂದ ಹದಿನಾರರ ಹುಡುಗ ಪಾದ್ರಿಯಾಗಲು ಬೆಂಗಳೂರಿನ ಸಂತ ಪೀಟರ್ ಸೆಮಿನರಿಗೆ ಬಂದ. ಎರಡೂವರೆ ವರ್ಷಕ್ಕೆ ಬಿಟ್ಟುಹೋದ. ಅವರೇ ಹೇಳಿಕೊಂಡ ಕಾರಣ: ಅಲ್ಲಿ ಹಿರಿಯರಿಗೆ ಎತ್ತರದ ಮೇಜು, ಒಳ್ಳೆಯ ಊಟ, ಹುಡುಗರಿಗೆ ಬೇರೆ. ನೋಡಿ, ಮಲ್ಲೇಶ್ವರದ ಆ ಸೆಮಿನರಿಯಲ್ಲಿ ಒಂದೇ ಸಾರನ್ನು ಎಲ್ಲರಿಗೂ ಬಡಿಸಿದ್ದರೆ 1974ರಲ್ಲಿ ಅವರ ಮುಷ್ಕರಕ್ಕೆ ದೇಶದ ರೈಲುಗಳು ನಿಲ್ಲುತ್ತಿರಲಿಲ್ಲವೇನೋ. ಆ ಸಮಾಜವಾದಿ ಕೊನೆಗೆ ವಾಜಪೇಯಿ ಸರ್ಕಾರದಲ್ಲಿ ರಕ್ಷಣಾ ಮಂತ್ರಿಯಾದದ್ದು ಬೇರೆ ಕಥೆ. ನಮ್ಮ ಚರ್ಚಿನ ಹಬ್ಬದ ಊಟದಲ್ಲಿ ಈಗಲೂ ಗಣ್ಯರಿಗೆ ಬೇರೆ ಶಾಮಿಯಾನ ಹಾಕುತ್ತೇವೆ. ಬಿರಿಯಾನಿಯಲ್ಲಿ ಪೀಸು ಜಾಸ್ತಿ. ನಾನೂ ಅಲ್ಲೇ ಉಣ್ಣುತ್ತೇನೆ, ಶಾಲು ಉಸ್ತುವಾರಿ ಅಲ್ವಾ.

ನಿಜ ಹೇಳಬೇಕೆಂದರೆ ನಮ್ಮ ಸಮಿತಿಗೆ ಎಡವೂ ಬೇಡ, ಬಲವೂ ಬೇಡ. ಕಾಂಪೌಂಡ್ ಗೋಡೆಗೆ ಅನುದಾನ, ಸಮಾಧಿ ಭೂಮಿಗೆ ಜಾಗ, ಚರ್ಚ್ ಮುಂದಿನ ಗುಂಡಿಗೆ ಒಂದು ಲೋಡ್ ಜಲ್ಲಿ. ಇದನ್ನು ಕೊಡುವವನೇ ಜಾತ್ಯತೀತ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ರೋಮನರಿಗೆ ಸುಂಕ ಎತ್ತುತ್ತಿದ್ದ ಮತ್ತಾಯನೂ ಇದ್ದ, ರೋಮನರನ್ನು ಓಡಿಸಬೇಕೆನ್ನುವವರ ಬಣದ ಹೆಸರು ಹೊತ್ತ ಸೀಮೋನನೂ ಇದ್ದ. ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು. ಅಲ್ಲಿ ಶಾಲು ಹೊದಿಸುವ ಕಾರ್ಯಕ್ರಮ ಇರಲಿಲ್ಲ, ಬಚಾವಾದರು.

ಈ ಸಲದ ಕೂಟಕ್ಕೆ ಮುಖ್ಯ ಅತಿಥಿ ಗೊತ್ತಾಗಿದ್ದಾರೆ. ಕಾರ್ಡ್ ಅಚ್ಚಾಗಿದೆ. ನಿನ್ನೆ ಚಿಕ್ಕಪೇಟೆಯಲ್ಲಿ ಶಾಲು ಆರಿಸುತ್ತಿದ್ದಾಗ ಅವರ ಪಿಎ ಫೋನ್ ಮಾಡಿದರು. "ಸಾರ್, ಅಣ್ಣ ಬರೋದು ಗ್ಯಾರಂಟಿ. ಆದ್ರೆ ಯಾವ ಪಕ್ಷದಿಂದ ಬರ್ತಾರೆ ಅನ್ನೋದು ಹದಿನೈದನೇ ತಾರೀಕಿಗೆ ಗೊತ್ತಾಗುತ್ತೆ. ಶಾಲು ಈಗಲೇ ತಗೋಬೇಡಿ."

ಫೋನಿನ ಮಾತು ಅಂಗಡಿ ಹುಡುಗನಿಗೂ ಕೇಳಿಸಿತ್ತು. "ತಗೊಳ್ಳಿ ಸಾರ್, ಪರವಾಗಿಲ್ಲ," ಎಂದು ಅವನು ಕವರ್ ಮಡಚಿದ. "ಬಿಲ್ ಮಾತ್ರ ಜೋಪಾನವಾಗಿಟ್ಕೊಳ್ಳಿ. ಬದಲಾಯಿಸಿ ಕೊಡ್ತೀನಿ."